ಜೋಡಿ ಕಟ್ಟದ ಕಾಳಗಗಳು

"ಕುಳ್ಳ ಗೆದ್ದ ಅಂದ್ರೆ ಅದೃಷ್ಟ ಕಣ್ರೀ ಮೇಷ್ಟ್ರೇ, ಇನ್ನೇನಿಲ್ಲ. ಹತ್ತು ಸಲ ಆಡ್ಸಿ, ಒಂಬತ್ತು ಸಲ ದೊಡ್ಡೋನೇ ಗೆಲ್ತಾನೆ. ಉಳಿದ ಒಂದನ್ನ ಹಿಡ್ಕೊಂಡು ಲೋಕವೆಲ್ಲ ಕಥೆ ಕಟ್ಟುತ್ತೆ."

ಹೀಗಂದವರು ಪಕ್ಕದ ಮನೆಯ ಗೌಡ್ರು. ಯಲಹಂಕ ನ್ಯೂಟೌನಿನ ನಮ್ಮ ಸಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಮಟ್ಟದ ಕಾಂಪೌಂಡ್. ಸಂಜೆ ಗಿಡಕ್ಕೆ ನೀರು ಬಿಡುವ ಹೊತ್ತಿಗೆ ಮಾತು ಶುರುವಾದರೆ ನೀರು ತುಂಬಿ ಹರಿದರೂ ನಿಲ್ಲುವುದಿಲ್ಲ. ಗೌಡ್ರು ದುಡಿದು ನಿವೃತ್ತರಾದದ್ದು ಇಲ್ಲಿಯ ರೈಲು ಗಾಲಿ ಕಾರ್ಖಾನೆಯಲ್ಲಿ. ಬೋರ್ಡಿನ ಮೇಲೆ ರೈಲ್ ವೀಲ್ ಫ್ಯಾಕ್ಟರಿ ಅಂತ ಬಂದು ಎಷ್ಟೋ ವರ್ಷವಾದರೂ ಅವರ ಬಾಯಲ್ಲಿ ಅದು ಈಗಲೂ ವೀಲ್ ಅಂಡ್ ಆಕ್ಸಲ್. ಅವರ ತಂದೆ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯ ಗರಡಿಯಲ್ಲಿ ಸಾಮು ಮಾಡಿದವರು. ಹಾಗಾಗಿ ಮೈ, ಬಲ, ಪಟ್ಟುಗಳ ವಿಷಯ ಬಂದರೆ ಗೌಡ್ರ ಮಾತಿಗೆ ತೂಕ ಇದೆ, ನಾನೂ ಕಿವಿಗೊಟ್ಟು ಕೇಳುತ್ತೇನೆ.

ಆವತ್ತು ಈ ಮಾತು ಬಂದದ್ದು ಅವರ ಮೊಮ್ಮಗಳಿಂದ. ಹುಡುಗಿ ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ತೂಕ 46 ಕಿಲೋ. ಅಭ್ಯಾಸದಲ್ಲಿ ಅವಳ ತೂಕದ ಇನ್ನೊಂದು ಹುಡುಗಿ ಇಲ್ಲ ಅಂತ ಹತ್ತು ಕಿಲೋ ಹೆಚ್ಚಿರುವವಳ ಎದುರು ರಿಂಗಿಗೆ ಇಳಿಸುತ್ತಾರಂತೆ. ಹುಡುಗಿಗೆ ಅದರಲ್ಲಿ ಹೆಮ್ಮೆ, ಅಜ್ಜನಿಗೆ ಆತಂಕ. "ಇವ್ಳು ಫೋನಲ್ಲಿ ಯಾರೋ ಕುಳ್ಳ ಯಾರೋ ದೈತ್ಯನ್ನ ಕೆಡವಿದ ವೀಡಿಯೋ ನೋಡ್ತಾಳೆ, ನಾನೂ ಕೆಡವ್ತೀನಿ ತಾತ ಅಂತಾಳೆ. ಅದಕ್ಕೇ ಹೇಳಿದ್ದು, ಅದೆಲ್ಲ ಅದೃಷ್ಟ ಅಂತ."

ಗೌಡ್ರ ಆತಂಕ ನನಗೂ ಸರಿ ಕಂಡಿತು, ಆದರೆ ಅವರು ಕೊಟ್ಟ ಕಾರಣವನ್ನು ಒಪ್ಪುವುದು ಆಗಲಿಲ್ಲ. ತನಗಿಂತ ದೊಡ್ಡವನನ್ನು ಕೆಡವಿದವನ ಗೆಲುವನ್ನು ಅದೃಷ್ಟ ಅಂದುಬಿಟ್ಟರೆ ಅವನು ವರ್ಷಗಟ್ಟಲೆ ಪಟ್ಟ ಪಾಡನ್ನು ಒಂದೇ ಮಾತಿನಲ್ಲಿ ಅಳಿಸಿದ ಹಾಗೆ. ಅದನ್ನೇ ಅವರಿಗೂ ಹೇಳಿದೆ.

ಗೌಡ್ರು ಬಿಡಲಿಲ್ಲ. "ಮೈಸೂರು ದಸರಾ ಕುಸ್ತಿ ನೋಡಿದೀರಲ್ಲ? ಕುಸ್ತಿಗೆ ಮುಂಚೆ ಜೋಡಿ ಕಟ್ಟೋದು ಅಂತ ಮಾಡ್ತಾರೆ. ಹಿರಿಯ ಪೈಲ್ವಾನರು, ಉಸ್ತಾದರು ಕೂತು, ಹುಡುಗರ ಮೈ ನೋಡಿ, ವಯಸ್ಸು ನೋಡಿ, ಇವನಿಗೆ ಇವನು ಅಂತ ಗೊತ್ತು ಮಾಡ್ತಾರೆ. ಯಾಕೆ? ಜೋಡಿ ಸರಿ ಇಲ್ಲದ ಕುಸ್ತಿ ಕುಸ್ತಿಯೇ ಅಲ್ಲ. ನಮ್ಮಪ್ಪ ಹೇಳ್ತಿದ್ರು, ಜೋಡಿ ಕಟ್ಟೋನು ತಪ್ಪಿದ್ರೆ ಮಟ್ಟೀಲಿ ಇಳಿದೋನ ಬೆನ್ನು ಮುರಿಯುತ್ತೆ ಅಂತ."

ಈ ಮಾತಿಗೆ ಎದುರಾಡುವುದೇನೂ ಇಲ್ಲ. ನಮ್ಮ ನಾಡಿನದೇ ಆದ ಮುಷ್ಟಿಯುದ್ಧ ಅಂದರೆ ವಜ್ರಮುಷ್ಟಿ ಕಾಳಗ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಬರುತ್ತಾರೆ. ಅಲ್ಲಿಯೂ ಯಾರಿಗೆ ಯಾರು ಅನ್ನುವುದನ್ನು ಹಿರಿಯರು ಮೊದಲೇ ಗೊತ್ತು ಮಾಡಿರುತ್ತಾರೆ. ಇನ್ನೂ ಹಿಂದೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ತರಗತಿ ಮಾಡುವ ಕ್ರಮ ಅದರಲ್ಲಿ ಬಂದಿದೆ. ಯೂರೋಪಿನವರು ಬಾಕ್ಸಿಂಗಿಗೆ ತೂಕದ ತರಗತಿ ಹಾಕುವುದಕ್ಕೆ ಎಷ್ಟೋ ಶತಮಾನ ಮೊದಲಿನ ಮಾತು ಇದು.

ಭಾಗವತದಲ್ಲೂ ಈ ವಿವೇಕ ಇದೆ. ಜರಾಸಂಧನ ಎದುರು ಮೂವರು ನಿಂತು ಯಾರನ್ನಾದರೂ ಆರಿಸಿಕೋ ಅಂದಾಗ ಅವನು ಅರ್ಜುನನನ್ನು ಬೇಡ ಅನ್ನುತ್ತಾನೆ. ವಯಸ್ಸಿನಲ್ಲಿ ಕಿರಿಯ, ಬಲದಲ್ಲಿ ನನಗೆ ಸಮನಲ್ಲ, ಭೀಮನಾದರೆ ಸರಿಜೋಡಿ ಅನ್ನುತ್ತಾನೆ. ಎಷ್ಟೇ ಕೆಟ್ಟವನಾಗಿರಲಿ, ಮಲ್ಲಧರ್ಮ ತಿಳಿದವನ ಮಾತು. ಮಥುರೆಯಲ್ಲಿ ಕೃಷ್ಣ ಬಲರಾಮರು ಚಾಣೂರ ಮುಷ್ಟಿಕರ ಎದುರು ಇಳಿದಾಗ ನೋಡಲು ಕೂತ ಹೆಂಗಸರು, ಎಳೆಯ ಹುಡುಗರನ್ನು ಬೆಟ್ಟದಂಥವರ ಎದುರು ಬಿಡುವುದು ಅಧರ್ಮ, ಇಂಥ ಸಭೆಯಲ್ಲಿ ಇರಬಾರದು ಅನ್ನುತ್ತಾರೆ. ಹುಡುಗರು ಗೆದ್ದರು ನಿಜ. ಆದರೂ ಆ ಹೆಂಗಸರ ಮಾತು ಸುಳ್ಳಾಗಲಿಲ್ಲ ಅಂತಲೇ ನನ್ನ ನಂಬಿಕೆ.

"ಮತ್ತೆ? ನಾನು ಹೇಳಿದ್ದೂ ಅದೇ ತಾನೆ" ಅಂದರು ಗೌಡ್ರು.

ಅರ್ಧ ಅದೇ. ಇನ್ನರ್ಧಕ್ಕೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿ ನೂರು ವರ್ಷದ ಹಿಂದೆ ಒಬ್ಬನ ಹೆಗಲ ಮೇಲೆ ಒಬ್ಬ ನಿಂತ ಹಾಗೆ ಒಂದು ಸಾಲೇ ನಡೆದುಹೋಗಿದೆ. ನನಗೆ ಬಹಳ ಇಷ್ಟವಾದ ಸಾಲು ಅದು.

ಬಾರ್ಬಡೋಸ್ ಜೋ ವಾಲ್ಕಾಟ್ ಅಂತ ಒಬ್ಬ ಕಪ್ಪು ಬಾಕ್ಸರ್ ಇದ್ದ. ಎತ್ತರ ಐದಡಿ ಒಂದೂವರೆ ಇಂಚು. 1900ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವನ ಎದುರು ನಿಂತವನು ಜೋ ಚೊಯಿನ್‌ಸ್ಕಿ. ಅವನು ವಾಲ್ಕಾಟ್‌ಗಿಂತ ಸುಮಾರು ಮುಕ್ಕಾಲು ಅಡಿ ಎತ್ತರ, ತೂಕದಲ್ಲೂ ಮೇಲು, ಆ ಕಾಲದ ದೊಡ್ಡ ದೊಡ್ಡ ಹೆವಿವೇಟ್‌ಗಳಿಗೆಲ್ಲ ಗುದ್ದಿನ ರುಚಿ ತೋರಿಸಿದವನು. ವಾಲ್ಕಾಟ್ ಅವನ ಉದ್ದ ಕೈಗಳ ಒಳಗೆ ನುಗ್ಗಿ ಏಳನೆಯ ರೌಂಡಿನಲ್ಲಿ ಕಾಳಗ ಮುಗಿಸಿದ.

ಮರುವರ್ಷ, 1901ರಲ್ಲಿ, ಅದೇ ಚೊಯಿನ್‌ಸ್ಕಿ ಟೆಕ್ಸಸ್‌ನ ಗ್ಯಾಲ್ವಸ್ಟನ್‌ಗೆ ಹೋದ. ಈ ಸಲ ಚಿಕ್ಕವನಾಗಿದ್ದವನು ಅವನೇ. ಎದುರಿಗೆ ಇದ್ದವನು ಇನ್ನೂ ಹೆಸರು ಮಾಡಿರದ ಎತ್ತರದ ಹುಡುಗ ಜ್ಯಾಕ್ ಜಾನ್ಸನ್. ಮೂರನೆಯ ರೌಂಡಿನಲ್ಲಿ ಹುಡುಗ ನೆಲಕ್ಕೆ ಬಿದ್ದ. ಪಣದ ಕಾಳಗ ಅಲ್ಲಿ ಕಾನೂನಿಗೆ ವಿರುದ್ಧವಾದದ್ದರಿಂದ ಪೊಲೀಸರು ಇಬ್ಬರನ್ನೂ ಒಯ್ದು ಜೈಲಿಗೆ ಹಾಕಿದರು. ಮೂರು ವಾರಕ್ಕೂ ಮೇಲೆ ಒಟ್ಟಿಗೆ ಇದ್ದರು. ಆ ದಿನಗಳಲ್ಲಿ ಚೊಯಿನ್‌ಸ್ಕಿ ತಾನು ಕೆಡವಿದ ಹುಡುಗನಿಗೆ ಗುದ್ದು ತಪ್ಪಿಸಿಕೊಳ್ಳುವ ವಿದ್ಯೆಯನ್ನು ಹೇಳಿಕೊಟ್ಟ. ಚಿಕ್ಕವನು ಉಳಿಯುವುದು ಆ ವಿದ್ಯೆಯಿಂದಲೇ. ಅದು ಒಬ್ಬ ದೊಡ್ಡ ಮೈಯವನಿಗೆ ದಕ್ಕಿತು. 1908ರಲ್ಲಿ ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದ ಮೊದಲ ಕಪ್ಪು ಬಾಕ್ಸರ್ ಆದ. ಆ ಬರ್ನ್ಸ್ ಕೂಡ ಐದಡಿ ಏಳಿಂಚಿನ ಗಿಡ್ಡನೇ. ಹೆವಿವೇಟ್ ಪಟ್ಟ ಕಟ್ಟಿಸಿಕೊಂಡವರಲ್ಲಿ ಅವನಷ್ಟು ಗಿಡ್ಡ ಇನ್ನೊಬ್ಬನಿಲ್ಲ.

ಜಾನ್ಸನ್‌ನನ್ನು 1915ರಲ್ಲಿ ಹವಾನಾದಲ್ಲಿ 26ನೆಯ ರೌಂಡಿನಲ್ಲಿ ಕೆಡವಿದವನು ಆರಡಿ ಆರೂವರೆ ಇಂಚಿನ ಜೆಸ್ ವಿಲ್ಲರ್ಡ್. ಇನ್ನು ಇವನನ್ನು ಯಾರು ಕೆಡವಬೇಕು? 1919ರ ಜುಲೈ 4ರಂದು ಟೊಲೀಡೋದ ಉರಿಬಿಸಿಲಿನಲ್ಲಿ ಜ್ಯಾಕ್ ಡೆಂಪ್ಸಿ ಇಳಿದ. ವಿಲ್ಲರ್ಡ್ 111 ಕಿಲೋ, ಡೆಂಪ್ಸಿ 85. ಮೊದಲ ರೌಂಡಿನಲ್ಲೇ ವಿಲ್ಲರ್ಡ್ ಏಳು ಸಲ ನೆಲಕ್ಕೆ ಬಿದ್ದ. ಗೆದ್ದೆನೆಂದು ಡೆಂಪ್ಸಿ ರಿಂಗ್ ಬಿಟ್ಟು ಹೊರಟೇಬಿಟ್ಟಿದ್ದ. ಎಣಿಕೆ ಮುಗಿಯುವ ಮೊದಲೇ ಗಂಟೆ ಹೊಡೆದಿದೆ ಅಂತ ಅವನನ್ನು ವಾಪಸು ಕರೆತಂದರು. ಮೂರನೆಯ ರೌಂಡ್ ಮುಗಿದ ಮೇಲೆ ವಿಲ್ಲರ್ಡ್ ಏಳಲಿಲ್ಲ.

"ಏಳು ಸಲ!" ಅಂದರು ಗೌಡ್ರು. ಪೈಪು ಗುಲಾಬಿ ಗಿಡದ ಬುಡದಲ್ಲೇ ಉಳಿದಿತ್ತು.

ಈ ಕಥೆಯನ್ನು ಪೂರ್ತಿ ಹೇಳಬೇಕು, ಅರ್ಧ ಹೇಳಿದರೆ ಹುಡುಗಿಯ ತಲೆ ಕೆಡುತ್ತದೆ. ವಿಲ್ಲರ್ಡ್‌ಗೆ ಆಗ 37 ವರ್ಷ, ರಿಂಗಿಗೆ ಇಳಿಯುವುದೇ ಅಪರೂಪವಾಗಿತ್ತು. ಬಿದ್ದವನು ಏಳುವವರೆಗೆ ಹೊಡೆದವನು ದೂರದ ಮೂಲೆಗೆ ಹೋಗಿ ನಿಲ್ಲಬೇಕು ಅನ್ನುವ ಪದ್ಧತಿಯೂ ಆಗ ಇರಲಿಲ್ಲ. ಡೆಂಪ್ಸಿ ಪಕ್ಕದಲ್ಲೇ ನಿಂತು, ವಿಲ್ಲರ್ಡ್ ಮೊಣಕಾಲು ಎತ್ತಿದ ಕೂಡಲೇ ಮತ್ತೆ ಹೊಡೆಯುತ್ತಿದ್ದ. ಇಷ್ಟಾದರೂ ಮೊದಲ ಸಲ ಕೆಡವಿದ್ದು ಡೆಂಪ್ಸಿಯ ಕೈಚಳಕವೇ. ಬಗ್ಗಿ, ಎಡಬಲಕ್ಕೆ ತೂಗುತ್ತ, ವಿಲ್ಲರ್ಡ್‌ನ ಉದ್ದನೆಯ ಎಡಗೈ ಚಾಚಿಕೊಳ್ಳುವ ಮೊದಲೇ ಎದೆಯ ಹತ್ತಿರ ಸೇರಿಬಿಟ್ಟ. ಅಲ್ಲಿಗೆ ಸೇರಿದ ಮೇಲೆ ವಿಲ್ಲರ್ಡ್‌ನ ಎತ್ತರ ಅವನ ಉಪಯೋಗಕ್ಕೆ ಬರಲೇ ಇಲ್ಲ.

ಇಲ್ಲಿ ಗೌಡ್ರು ಒಂದು ಮಾತು ಅಂದರು, ನಾನು ಎಷ್ಟು ಪುಸ್ತಕ ಓದಿದ್ದರೂ ಹೊಳೆಯದ ಮಾತು. "ಉದ್ದ ದೋಟಿ ಇದ್ದ ಹಾಗೆ ಅನ್ನಿ. ತುದೀಲಿರೋ ಮಾವಿನಕಾಯಿ ಕೀಳಬಹುದು, ಕಾಲ ಬುಡದಲ್ಲಿರೋ ಸೀಬೆಗಿಡಕ್ಕೆ ಅದರಿಂದ ಏನೂ ಆಗಲ್ಲ."

ಅದೇ. ಉದ್ದ ಕೈಗೆ ಜಾಗ ಬೇಕು. ಗುದ್ದಿನ ಬಲ ಇರುವುದು ತೋಳು ಪೂರ್ತಿ ಚಾಚುವ ತುದಿಯಲ್ಲಿ. ಚಿಕ್ಕವನಿಗೆ ಅಪಾಯ ಇರುವುದು ಆ ತುದಿಯಲ್ಲಿ ನಿಂತಾಗ. ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಇರಬೇಕು, ಇಲ್ಲವೇ ಎರಡು ಹೆಜ್ಜೆ ಒಳಗೆ ಇರಬೇಕು, ನಡುವೆ ನಿಲ್ಲಬಾರದು. ಒಳಗೆ ಹೊಕ್ಕರೆ ಎತ್ತರದವನ ಪಕ್ಕೆ, ಪಿತ್ತಕೋಶದ ಕಡೆಯ ಹೊಟ್ಟೆ ಎಲ್ಲ ಎದುರಿಗೇ ಇರುತ್ತದೆ. ಆದರೆ ಒಳಗೇ ಉಳಿದರೂ ಕಷ್ಟ. ದೊಡ್ಡವನು ಅಪ್ಪಿಕೊಂಡು ತನ್ನ ಭಾರವನ್ನೆಲ್ಲ ಚಿಕ್ಕವನ ಕತ್ತಿನ ಮೇಲೆ ಬಿಡುತ್ತಾನೆ. ನಾಲ್ಕು ರೌಂಡು ಹಾಗೆ ಹೊರಿಸಿದರೆ ಕಾಲು ಸೋಲುತ್ತದೆ. ಹೊಕ್ಕು, ಹೊಡೆದು, ಅಪ್ಪುವ ಮೊದಲೇ ಪಕ್ಕಕ್ಕೆ ಸರಿದು ಹೊರಬೀಳಬೇಕು. ಹನ್ನೆರಡು ರೌಂಡು, ಮೂವತ್ತಾರು ನಿಮಿಷ, ಒಂದು ಸಲವೂ ಹೆಜ್ಜೆ ತಪ್ಪದೆ. ಇದನ್ನು ಅದೃಷ್ಟ ಅನ್ನುವುದು ಹೇಗೆ?

"ಕುಸ್ತೀಲಿ ಕೆಳಗೆ ಹೊಕ್ಕು ಕಾಲು ಎತ್ತೋದೂ ಹಂಗೇ" ಅಂತ ಒಪ್ಪಿಕೊಂಡ ಗೌಡ್ರು ಗಾಮಾನ ಹೆಸರು ಎತ್ತಿದರು. ಐದಡಿ ಏಳಿಂಚಿನ ಗಾಮಾ ಸುಮಾರು ಏಳಡಿಯ ರಹೀಂ ಬಕ್ಷ್ ಸುಲ್ತಾನಿವಾಲಾನ ಜೊತೆ ಮೊದಮೊದಲು ಸೋಲು ಗೆಲುವಿಲ್ಲದೆ ಗಂಟೆಗಟ್ಟಲೆ ಸೆಣಸಿ, 1910ರಲ್ಲಿ ಲಂಡನ್ನಿಗೆ ಹೋಗಿಬಂದ ಮೇಲೆ ಅಲಹಾಬಾದಿನಲ್ಲಿ ಗೆದ್ದ. ಆಮೇಲೆ ರಣಧೀರ ಕಂಠೀರವನ ಕಥೆಯೂ ಬಂತು. ತಿರುಚಿರಾಪಳ್ಳಿಯ ಜಟ್ಟಿ ತನ್ನ ಚಲ್ಲಣವನ್ನು ಊರಬಾಗಿಲಿಗೆ ನೇತುಹಾಕಿ ಎಲ್ಲರೂ ಅದರಡಿ ನುಸುಳುವ ಹಾಗೆ ಮಾಡಿದ್ದನೆಂದೂ, ಕಂಠೀರವ ಮಾರುವೇಷದಲ್ಲಿ ಹೋಗಿ ಅವನನ್ನು ಮಣಿಸಿದನೆಂದೂ ಹಳೇ ಮೈಸೂರಿನಲ್ಲಿ ಹೇಳದ ಅಜ್ಜಿ ಇಲ್ಲ. 1960ರಲ್ಲಿ ರಾಜ್‌ಕುಮಾರ್ ಆ ಪಾತ್ರ ಮಾಡಿದ ಮೇಲಂತೂ ಕೇಳುವುದೇ ಬೇಡ, ನಮ್ಮೂರಿನ ಸ್ಟೇಡಿಯಂಗೂ ಅವನದೇ ಹೆಸರು. ಆದರೆ ಕಂಠೀರವನನ್ನು ಈ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅವನೇ ಬಲಭೀಮ, ಅದು ಬಲಕ್ಕೆ ಬಲ ಎದುರಾದ ಕಥೆ.

ಈಗಿನ ಕಾಲದಲ್ಲಿ ಈ ವಿದ್ಯೆಯನ್ನು ನೋಡಬೇಕೆಂದರೆ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್‌ನನ್ನು ನೋಡಬೇಕು. 2024ರ ಮೇ 18ರಂದು ರಿಯಾದ್‌ನಲ್ಲಿ ಟೈಸನ್ ಫ್ಯೂರಿಯ ಎದುರು ನಿಂತಾಗ ಅವನು 101 ಕಿಲೋ, ಫ್ಯೂರಿ 119. ಎತ್ತರದಲ್ಲಿ ಫ್ಯೂರಿ ಅರ್ಧ ಅಡಿ ಹೆಚ್ಚು. ನಡುವಿನ ರೌಂಡುಗಳಲ್ಲಿ ಫ್ಯೂರಿ ಹೊಟ್ಟೆಗೆ ಹೊಡೆದು ಆಟವಾಡಿಸಿದ. ಉಸಿಕ್ ಮಾತ್ರ ಕಾಲು ನಿಲ್ಲಿಸಲಿಲ್ಲ, ಎಡಗೈ ಆಟಗಾರನಾದ ಅವನು ಫ್ಯೂರಿಯ ಮುಂಗಾಲಿನ ಹೊರಗಡೆಯೇ ಸುತ್ತುತ್ತ ಮುಂದೊತ್ತಿದ. ಒಂಬತ್ತನೆಯ ರೌಂಡಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ, ರೆಫರಿ ಎಣಿಸಬೇಕಾಯಿತು. ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕ್‌ಗೆ ಕೊಟ್ಟರು. ಇನ್ನೂ ಅನುಮಾನ ಇದ್ದವರಿಗೆ ಅದೇ ಡಿಸೆಂಬರ್ 21ರಂದು ಉತ್ತರ ಸಿಕ್ಕಿತು. ಆ ಸಲ ಫ್ಯೂರಿ 127 ಕಿಲೋ ಹೊತ್ತು ಬಂದ, ಉಸಿಕ್‌ಗಿಂತ 25 ಕಿಲೋ ಜಾಸ್ತಿ. ಮೂವರೂ 116-112 ಅಂತ ಉಸಿಕ್‌ಗೇ ಕೊಟ್ಟರು. ಒಂದೇ ವರ್ಷದಲ್ಲಿ, ಅದೇ ಎದುರಾಳಿಯ ಮೇಲೆ, ಎರಡು ಸಲ. ಗೌಡ್ರ ಹತ್ತಕ್ಕೆ ಒಂದರ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

2009ರಲ್ಲಿ ಡೇವಿಡ್ ಹೇ ನ್ಯೂರೆಂಬರ್ಗ್‌ನಲ್ಲಿ ಏಳಡಿಯ ನಿಕೊಲಾಯ್ ವಲುಯೆವ್‌ನನ್ನು ಸೋಲಿಸಿದ್ದೂ ಇದೆ. ವಲುಯೆವ್ 143 ಕಿಲೋ, ಹೇ 99. ನೋಡಲು ಏನೂ ಚೆನ್ನಾಗಿರಲಿಲ್ಲ. ಹೇ ಓಡುತ್ತ, ಒಂದು ಹೊಡೆದು ಮತ್ತೆ ಓಡುತ್ತ ಕಳೆದ. ಅದೂ ವಿದ್ಯೆಯೇ, ಪಕ್ಕದಲ್ಲಿ ಕೂತವನಿಗೆ ಬೇಸರವಾದರೂ.

ಆದರೆ ಸ್ಟ್ಯಾನ್ಲಿ ಕೆಚೆಲ್‌ನ ಕಥೆ ಹೇಳದೆ ಈ ಮಾತು ಮುಗಿಸಬಾರದು. ಮಿಡ್ಲ್‌ವೇಟ್ ಪಟ್ಟದ ಆ ಹುಡುಗ 1909ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಲ್ಮದಲ್ಲಿ ಜ್ಯಾಕ್ ಜಾನ್ಸನ್‌ನ ಎದುರು ಇಳಿದ. ತೂಕದಲ್ಲಿ ಸುಮಾರು 15 ಕಿಲೋ ಕಡಿಮೆ. 12ನೆಯ ರೌಂಡಿನಲ್ಲಿ ಅವನ ಬಲಗೈ ಜಾನ್ಸನ್‌ನ ತಲೆಗೆ ಬಿತ್ತು, ಪಟ್ಟದ ಜಾನ್ಸನ್ ನೆಲಕ್ಕೆ ಕೂತ. ಜನ ಎದ್ದು ನಿಂತರು. ಕೆಚೆಲ್ ಮುಗಿಸಿಬಿಡುತ್ತೇನೆಂದು ತೆರೆದ ಎದೆಯಲ್ಲಿ ನುಗ್ಗಿದ. ಜಾನ್ಸನ್ ಎದ್ದವನೇ ಒಂದು ಬಾರಿಸಿದ. ಕೆಚೆಲ್ ಅಂಗಾತ ಬಿದ್ದು ಬಹಳ ಹೊತ್ತು ಅಲ್ಲಾಡಲಿಲ್ಲ. ಅವನ ಹಲ್ಲು ಜಾನ್ಸನ್‌ನ ಗ್ಲೌಸಿಗೆ ಸಿಕ್ಕಿಕೊಂಡಿತ್ತು.

ದೊಡ್ಡವನನ್ನು ಕೆಡವಿದ ವೀಡಿಯೋ ನೋಡುವವರು ಇದನ್ನೂ ನೋಡಬೇಕು. ದೊಡ್ಡವನಿಗೆ ಹತ್ತು ತಪ್ಪಿಗೆ ಅವಕಾಶ ಇದೆ, ಚಿಕ್ಕವನಿಗೆ ಒಂದಕ್ಕೂ ಇಲ್ಲ. ಉಸಿಕ್, ಡೆಂಪ್ಸಿ, ವಾಲ್ಕಾಟ್ ಎಲ್ಲರೂ ಪಕ್ವವಾದ ಮೇಲೆ, ತಮ್ಮ ತೂಕದವರ ಜೊತೆ ವರ್ಷಗಟ್ಟಲೆ ಸೆಣಸಿ ಕಲಿತ ಮೇಲೆ, ದೊಡ್ಡವರ ಎದುರು ಹೋದವರು. ಉಸಿಕ್ ಅಂತೂ ಕೆಳಗಿನ ತರಗತಿಯಾದ ಕ್ರೂಸರ್‌ವೇಟ್‌ನ ನಾಲ್ಕೂ ಪಟ್ಟ ಗೆದ್ದೇ ಮೇಲೆ ಬಂದವನು. ಹೆವಿವೇಟ್‌ಗೆ ಮೇಲಿನ ಮಿತಿ ಅನ್ನುವುದೇ ಇಲ್ಲದ್ದರಿಂದ ಮಾತ್ರ ಅವನು ಅಷ್ಟು ಭಾರದವರ ಎದುರು ನಿಲ್ಲಬೇಕಾಯಿತು. ತೂಕದ ತರಗತಿ ಇರುವುದು ಚಿಕ್ಕವರು ಕಲಿಯುವಷ್ಟು ಕಾಲ ತಲೆ ಉಳಿಯಲಿ ಅಂತ. ಬೆಳೆಯುವ ಮಗುವಿನ ತಲೆಗೆ ಹತ್ತು ಕಿಲೋ ಹೆಚ್ಚಿನವಳ ಗುದ್ದು ವಾರಕ್ಕೆ ನಾಲ್ಕು ಸಲ ಬೀಳುವುದು ಯಾವ ವಿದ್ಯೆಯೂ ಅಲ್ಲ.

ಅಷ್ಟರಲ್ಲಿ ಮೊಮ್ಮಗಳೇ ಚೀಲ ಹೆಗಲಿಗೆ ಹಾಕಿಕೊಂಡು ಗೇಟು ತೆಗೆದು ಬಂದಳು. ನಮ್ಮ ಮಾತು ಕಿವಿಗೆ ಬಿದ್ದಿರಬೇಕು. "ಅಂಕಲ್, ಮೇರಿ ಕೋಮ್ ಹೇಳಲಿಲ್ವಾ?" ಅಂದಳು.

ಹೇಳಬೇಕಾಗಿತ್ತು. ಇಷ್ಟು ಹೊತ್ತು ಹೇಳಿದವರೆಲ್ಲ ದೊಡ್ಡವರ ಎದುರಿಗೆ ಹೋದದ್ದು ಪಟ್ಟಕ್ಕೋ ಹಣಕ್ಕೋ, ತಾವಾಗಿ. ಮೇರಿ ಕೋಮ್‌ಗೆ ಬೇರೆ ದಾರಿಯೇ ಇರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರ ಬಾಕ್ಸಿಂಗ್ ಬಂದಾಗ ಇದ್ದದ್ದು ಮೂರೇ ತರಗತಿ: 51, 60, 75 ಕಿಲೋ. ಆ ಹೊತ್ತಿಗೆ ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಗೆದ್ದದ್ದೆಲ್ಲ 45ರಿಂದ 48 ಕಿಲೋದೊಳಗೆ. ಅವಳಿಗಾಗಿ ಅಲ್ಲಿ ಜಾಗವೇ ಇರಲಿಲ್ಲ. ಮೈ ತುಂಬಿಸಿಕೊಂಡು 51ಕ್ಕೆ ಏರಿದಳು. ಮೊದಲ ಪಂದ್ಯದಲ್ಲಿ ಎದುರಾದವಳು ಪೋಲೆಂಡಿನ ಕರೊಲಿನಾ ಮಿಹಾಲ್‌ಚುಕ್, 54 ಕಿಲೋದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವಳು, 51ಕ್ಕೆ ಇಳಿದು ಬಂದಿದ್ದಳು. ಒಬ್ಬಳು ಹತ್ತಿ ಬಂದವಳು, ಇನ್ನೊಬ್ಬಳು ಇಳಿದು ಬಂದವಳು, ತಕ್ಕಡಿ ಮಾತ್ರ ಇಬ್ಬರಿಗೂ ಒಂದೇ ತೋರಿಸಿತು. ಮೇರಿ 19-14ರಲ್ಲಿ ಗೆದ್ದಳು. ಟ್ಯುನೀಷಿಯಾದ ಮರೂವಾ ರಹಾಲಿಯನ್ನು 15-6ರಲ್ಲಿ ಸೋಲಿಸಿದಳು. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್‌ನ ಉದ್ದ ಕೈ, ಚುರುಕು ಕಾಲು ಎರಡಕ್ಕೂ 6-11ರಲ್ಲಿ ಸೋತಳು. ಕಂಚು ಬಂತು. ನನ್ನನ್ನು ಕೇಳಿದರೆ ಮಿಹಾಲ್‌ಚುಕ್ ಮೇಲಿನ ಆ ಗೆಲುವು ಟೊಲೀಡೋದ ಏಳು ಬೀಳುಗಳಿಗಿಂತ ದೊಡ್ಡದು.

"ಈಗ್ಲೂ 48 ಇಲ್ಲ ಅಂಕಲ್" ಅಂದಳು ಹುಡುಗಿ. ನಿಜ. 2024ರ ಪ್ಯಾರಿಸ್‌ನಲ್ಲಿ ಹೆಂಗಸರಿಗೆ ಆರು ತರಗತಿ ಬಂದಿದ್ದರೂ ಎಲ್ಲಕ್ಕಿಂತ ಕೆಳಗಿನದು 50 ಕಿಲೋ. ನಮ್ಮ ನೀತು ಘಂಘಾಸ್ 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದದ್ದು 48ರಲ್ಲಿ, ಒಲಿಂಪಿಕ್ಸ್‌ನಲ್ಲಿ ಆ ತೂಕಕ್ಕೆ ಬಾಗಿಲೇ ಇಲ್ಲ. ಮಣಿಪುರ, ಹರಿಯಾಣದಲ್ಲಿ ಇರಲಿ, ಇಲ್ಲಿ ಯಲಹಂಕದಲ್ಲಿ ಇರಲಿ, ಸಣ್ಣ ಮೈಯ ಹುಡುಗಿಯರು ಒಂದಲ್ಲ ಒಂದು ದಿನ ತಮಗಿಂತ ದೊಡ್ಡವರ ಎದುರು ನಿಲ್ಲಲೇಬೇಕಾಗುವಂತೆ ತರಗತಿಗಳೇ ಇವೆ. ಇದು ಬದಲಾಗಬೇಕು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

"ಹಂಗಾದ್ರೆ ಇವ್ಳು ಈಗ ಏನ್ಮಾಡ್ಬೇಕು, ಅದನ್ನ ಹೇಳಿ ಮೇಷ್ಟ್ರೇ" ಅಂದರು ಗೌಡ್ರು.

ನನಗೆ ತಿಳಿದಷ್ಟು ಹೇಳಿದೆ. ಕೋಚ್ ಹತ್ತಿರ ಹೋಗಿ ಗೌರವದಿಂದಲೇ, ಆದರೆ ಸ್ಪಷ್ಟವಾಗಿ ಮಾತಾಡಿ. ದೊಡ್ಡ ಹುಡುಗಿಯ ಜೊತೆ ಬರೀ ಹೆಜ್ಜೆಯ ಅಭ್ಯಾಸ ಇರಲಿ, ತಲೆಗೆ ಹೊಡೆಯದೆ, ಒಳಗೆ ಹೊಕ್ಕು ಹೊರಬರುವುದನ್ನು ಕಲಿಯಲಿ. ನಿಜವಾಗಿ ಹೊಡೆದಾಡುವುದು ಸರಿಜೋಡಿ ಸಿಕ್ಕ ಮೇಲೆ. ಯಶವಂತಪುರ, ಆರ್.ಟಿ. ನಗರದ ಕಡೆಯಿಂದಲೋ ಹೆಬ್ಬಾಳದಿಂದಲೋ 46, 48 ಕಿಲೋದ ಇನ್ನಿಬ್ಬರು ಹುಡುಗಿಯರು ಸಿಕ್ಕರೆ ತಿಂಗಳಿಗೊಮ್ಮೆ ಒಂದೆಡೆ ಸೇರಿಸಬಹುದು.

"ಜೋಡಿ ನಾನೇ ಕಟ್ತೀನಿ" ಅಂದರು ಗೌಡ್ರು. ಹುಡುಗಿ ಚೀಲ ಕೆಳಗಿಟ್ಟು, ಕಾಂಪೌಂಡಿನ ಪಕ್ಕದಲ್ಲೇ ಎಡಗಾಲು ಮುಂದಿಟ್ಟು ನಿಂತು, ಉಸಿಕ್ ಯಾವ ಕಾಲನ್ನು ಹೊರಗೆ ಇಡುತ್ತಾನೆ, ಎಡಗೈಯವನಲ್ಲದಿದ್ದರೆ ಯಾವ ಕಡೆ ಸುತ್ತಬೇಕು ಅಂತ ಕೇಳಿದಳು. ಅದಕ್ಕೆ ಗೌಡ್ರು ಒಂದು ಕಡೆ ಹೇಳಿದರು, ನಾನು ಇನ್ನೊಂದು ಕಡೆ ಹೇಳಿದೆ.